ಸಂಗನಬ್

ಮೂವತ್ನಾಲ್ಕನೇ ಸೆಕ್ಟರಿನ ನನ್ನ ಮೊಬೈಲ್ ರಿಪೇರಿ ಅಂಗಡಿ
ಶಟರ್ ಎಳೆದಾಗ ಒಂಬತ್ತೂವರೆ.
ಬೆಸುಗೆ ಕಡ್ಡಿ ಇನ್ನೂ ಬಿಸಿ ಐತಿ, ಬೆರಳಿಗೆ ರಾಳದ ವಾಸನೆ.
ಚೀಟಿ ಎತ್ತಿದ ರೊಕ್ಕದಾಗ ತಂದ ಆಟದ ಪೆಟ್ಟಿಗಿ
ಟಿವಿ ಕೆಳಗ ಕೂತು ನೀಲಿ ಕಣ್ಣು ಬಿಡತೈತಿ.
ಅದರೊಳಗ ಮೊನ್ನೆ ಮತ್ತ ಬಂತು
ಆ ಹಳೇ ಆಟ:
ಆರು ಮಂದಿ, ಒಂದು ನೆಲಮಾಳಿಗಿ, ಹನ್ನೆರಡು ಅಂತಸ್ತು ಕೆಳಕ್ಕ.

ಹೊಸ ಅಂಗಿ ತೊಡಿಸ್ಯಾರ ಅದಕ್ಕ.
ಪಂಜಿನ ಬೆಳಕು ಗ್ವಾಡಿ ಮ್ಯಾಲ ಈಗ ನಡುಗತೈತಿ,
ಅಸ್ಥಿಪಂಜರದ ಎಲುಬು ಎಣಿಸಬಹುದು.
ನಾವು ಆಡೂ ಮುಂದ ಪಂಜು ಅಂದ್ರ
ಮೂರು ಹಳದಿ ಚೌಕ, ಒಂದು ಕೆಂಪು.
ಉಳಿದ ಬೆಂಕಿ ನಾವ ಹಚ್ಚಿಕೋಬೇಕಿತ್ತು.

ಕಿಲ್ಲಾ ಓಣಿ, ಸಂಗನಬಸು ಸರ್ ಟೈಪಿಂಗ್ ಕ್ಲಾಸು.
ಹದಿನಾಲ್ಕು ಟೈಪ್‌ರೈಟರ್, ಒಂದ ಒಂದು ಕಂಪ್ಯೂಟರ್,
ಅದಕ್ಕ ಮಗ್ಗದಿಂದ ಇಳಿಸಿದ ಸೀರಿ ತುಣುಕಿನ ಹೊದಿಕಿ.
ಸರ್ ಊಟಕ್ಕ ಹೋದ್ರ ಒಂದು ತಾಸು ನಮ್ದು,
ನಂದು, ರಾಜೇಸಾಬಂದು.
ಹಣ್ಣಿನ ಬುಟ್ಟಿ ಬಾಗಿಲಾಗ ಇಟ್ಟು ಬರತಿದ್ದ ಅಂವ,
ಕೀಲಿಮಣಿಗೆಲ್ಲಾ ಚಿಕ್ಕುವಿನ ಜಿಗುಟು.

ಹೆಸರು ಎಂಟಕ್ಷರ ಮೀರಬಾರದಿತ್ತು, ಇಂಗ್ಲಿಷಿನ್ಯಾಗ.
ಕತ್ತಿ ಹಿಡಿಯಾಕಿ ಭೀಮವ್ವ, ಮಿರ್ಚಿ ಭಜಿ ಮಾರಾಕಿ.
ಸರಿಯಾಗಿ ಎಂಟು, ಹುಟ್ಟಿದ್ದ ಅದಕ್ಕ ಅನ್ನೂ ಹಂಗ.
ಕಳ್ಳ ರಾಜೇಸಾಬನ. ಬೀಗ ತೆಗಿಯೂದು ಅವನ ಕೆಲಸ.
ಮಂತ್ರವಾದಿ, ಸಂಗನಬಸು ಸರ್:
ಯಂತ್ರ ಬಾಲ ಕತ್ತರಿಸಿ 'ಸಂಗನಬ್' ಅಂತ ಮಾಡ್ತು.
ಆಮ್ಯಾಲ ಸರ್ ಎದುರಿಗೆ ಬಂದ್ರ ಸಾಕು
ನಮಗ ನಗು ತಡಿಯಾಕ ಆಗತಿರಲಿಲ್ಲ.

ನಕಾಶೆ ನಾವ ಬರಿಬೇಕು ಆಗ. ಒಂದು ಹೆಜ್ಜಿ, ಒಂದು ಮನಿ.
ಹಾಳಿ ಸಾಲದಾದಾಗ ರಾಜೇಸಾಬ ತಂದ
ಮುಳುಗಡೆ ಕಚೇರಿ ಕಾಗದ, ಅವರಪ್ಪಗ ಬಂದಿದ್ದು.
ಒಂದು ಮಗ್ಗಲಕ್ಕ:
ಪಡಸಾಲಿ ಉದ್ದ ಹದಿನೆಂಟು ಫೂಟು, ಸಾಗವಾನಿ ಕಂಬ ನಾಕು,
ಲಿಂಬಿ ಗಿಡ ಒಂದು, ಫಲ ಬಿಡುವಂಥದ್ದು.
ಇನ್ನೊಂದು ಮಗ್ಗಲಕ್ಕ:
ಏಳನೇ ಅಂತಸ್ತು, ಪೀಪಾಯಿಯೊಳಗ ತಾಮ್ರದ ಕೀಲಿ,
ಎಡಕ್ಕ ಹೋಗಬ್ಯಾಡ, ನೀರೈತಿ.

ಒಂಬತ್ತನೇದರ ಬಾಗಿಲ ಮುಂದ ನಿಂತಿದ್ವಿ.
ಮರುದಿನ ಟ್ರ್ಯಾಕ್ಟರ್ ಬಂತು.
ಟೈಪ್‌ರೈಟರ್ ಎಲ್ಲಾ ಗೋಣಿಚೀಲದಾಗ
ಹಲ್ಲು ಕಡಕೋಂತ ಹೋದ್ವು.
ಕಂಪ್ಯೂಟರ್ ಸರ್ ತೊಡಿ ಮ್ಯಾಲ, ಕೂಸಿನಂಗ.
ವಿದ್ಯಾಗಿರಿ ಏರು ಹತ್ತೂದ್ರಾಗ ಅದರ ನೆನಪು ಸತ್ತಿತ್ತು.
ರಾಜೇಸಾಬನ ಮಂದಿ ಜಮಖಂಡಿ ಕಡೆ ಹೋದ್ರು.

ಈಗ ನಕಾಶೆ ತಾನ ಬರಕೋತೈತಿ.
ಕರೆಂಟ್ ಹೋದ್ರೂ ಆಟ ಉಳಿತೈತಿ.
ಬಲಗೈ ಹೆಬ್ಬೆಟ್ಟಿಗೆ ಒಂದು ಗುಂಡಿ ಕೊಟ್ಟಾರ,
ಒತ್ತಿದ್ರ ಹಳೇ ಚೌಕಗಳು, ಮತ್ತ ಒತ್ತಿದ್ರ ಹೊಸಾವು.
ಹಳೇದು, ಹೊಸಾದು, ಹಳೇದು.
ಊಟ ಮರತು ಅರ್ಧ ತಾಸು ಅದನ್ನ ಒತ್ತೀನಿ.
ಬ್ಯಾಸಗಿಗೆ ಘಟಪ್ರಭೆ ಸರಿದಾಗ
ಕಿಲ್ಲಾ ಓಣಿ ಒಂದು ಕಟ್ಟಿ, ಎರಡು ಪಾವಟಿಗಿ ತೋರಸ್ತೈತಿ.
ಮುಂಗಾರಿಗೆ ಯಾರೋ ಮತ್ತ ಗುಂಡಿ ಒತ್ತತಾರ.

ಹೆಸರಿಗೆ ಈಗ ಇಪ್ಪತ್ತಕ್ಷರದ ಜಾಗ.
ಸಂಗನಬಸು ಅಂತ ಪೂರಾ ಬರದೆ. ಸರ್ ಹೋಗಿ ಆರು ವರ್ಷ.
ಪರದೆ ಮ್ಯಾಲ ಗಡ್ಡದ ಮುದುಕ, ಕೈಯಾಗ ದಂಡ,
ಯಾರೋ ಪರಊರಿನವ.
ಮೂರಕ್ಷರ ಅಳಿಸಿದೆ.
ಆಗ ನಗು ಬಂತು.

ಏಳನೇ ಅಂತಸ್ತಿನ ಫೋಟೋ ತಗದು ಜಮಖಂಡಿಗೆ ಕಳಿಸಿದೆ.
ಹತ್ತು ನಿಮಿಷಕ್ಕ ಫೋನು. ಆರಾಮ ಏನು ಅಂತ ಕೇಳಲಿಲ್ಲ.
"ಪೀಪಾಯಿ ನೋಡಿದಿ ಏನು?"
ಐತಿ ಅಂದೆ. ಅಲ್ಲೇ ಐತಿ. ತಾಮ್ರದ್ದ.
ಆ ಕಡೆ ಲಾರಿಗೆ ದ್ರಾಕ್ಷಿ ಟ್ರೇ ಏರಸೂ ಸಪ್ಪಳ,
ಯಾರಿಗೋ ಅಂವ ಬೈದ, ಮತ್ತ ನನಗ:
"ಒಂಬತ್ತನೇದು ಒಬ್ಬಾಕಿನ ತಗೀಬ್ಯಾಡ,
ಐತವಾರ ಬಸ್ಸಿಗೆ ಬರತೀನಿ."

ಇನ್ನೆರಡು ಅಂತಸ್ತು ಇಳಿಸಿ
ಆರೂ ಮಂದಿನ್ನ ಬಾಗಿಲ ಮುಂದ ನಿಲ್ಲಿಸಿ ಟಿವಿ ಆರಿಸೀನಿ.
ಇವತ್ತು ಬುಧವಾರ.
ಭೀಮವ್ವನ ಪಂಜಿಗೆ ಎಣ್ಣಿ ಸಾಲತೈತೋ ಇಲ್ಲೋ.